ಕನ್ನಡದಲ್ಲಿ ಓದಿ ಆಡುವ ಕಥೆ ಕಟ್ಟುವುದಕ್ಕೆ ಯಾವ ಟೂಲು ಸರಿ?

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಹದಿನಾಲ್ಕು ಮಕ್ಕಳು ಕನ್ನಡ ಕಲಿಯಲು ಬರುತ್ತಾರೆ. ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್, ಹಿಂದಿ, ಮರಾಠಿ ಓದುತ್ತಾರೆ. ಕಾಗುಣಿತ, ಒತ್ತಕ್ಷರ ಎಲ್ಲ ಮುಗಿದ ಮೇಲೆ ಇವರ ಕೈಗೆ ಓದಲು ಏನು ಕೊಡುವುದು ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತ್ತು. ಹನ್ನೆರಡು ವರ್ಷದವರಿಗೆ ಕಾಗೆ ಗುಬ್ಬಿಯ ಕಥೆ ತೀರ ಚಿಕ್ಕದು, ಕಾದಂಬರಿ ತೀರ ದೊಡ್ಡದು. ಕಥೆಯ ಒಳಗೆ ತಾವೇ ಹೊಕ್ಕು, ಮುಂದೇನು ಮಾಡಬೇಕೆಂದು ತಾವೇ ತೀರ್ಮಾನಿಸುವ ಹಾಗಿದ್ದರೆ ಓದುತ್ತಾರೆ ಅನ್ನಿಸಿತು. ಮುಂದಿನದು ಗೊತ್ತಾಗಬೇಕಾದರೆ ಮುಂದಿನ ಸಾಲು ಓದಲೇಬೇಕಲ್ಲ.

ಹಾಗೆ ಶುರುವಾದದ್ದು ನಮ್ಮ ರಾತ್ರಿಶಾಲೆಯ ಕಥೆ. ಉಡುಪಿ ಕಡೆಯ ಹಳ್ಳಿಯಿಂದ ಹದಿನಾಲ್ಕರ ಹುಡುಗನೊಬ್ಬ ಬಸ್ಸಿಳಿದು ಬೊಂಬಾಯಿಗೆ ಬರುತ್ತಾನೆ. ಕೊಂಕಣ ರೈಲು ಪೂರ್ತಿ ಓಡತೊಡಗಿದ್ದು 1998ರಲ್ಲಿ. ಇದು ಅದಕ್ಕೂ ಮೂವತ್ತು ವರ್ಷ ಹಿಂದಿನ ಮಾತು. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆಯುತ್ತಾನೆ, ರಾತ್ರಿ ಕೋಟೆ ಭಾಗದ ಕನ್ನಡ ಶಾಲೆಗೆ ಹೋಗಬೇಕು. ಹೋಗುತ್ತಾನೋ ಇಲ್ಲವೋ, ದುಡ್ಡು ಊರಿಗೆ ಕಳಿಸುತ್ತಾನೋ ಪುಸ್ತಕ ಕೊಳ್ಳುತ್ತಾನೋ, ಎಲ್ಲ ಓದುವ ಮಗುವಿನ ಕೈಯಲ್ಲಿದೆ. ನನ್ನ ಮಾವ ಹಾಗೆ ಬಂದವರೇ. ಅವರ ಬಾಯಿಂದ ಕೇಳಿದ್ದನ್ನೇ ಕಥೆಗೆ ಇಳಿಸಿದೆ.

ಇಂಥ ಕಥೆ ಕಟ್ಟಲು ಟೂಲುಗಳು ಬೇಕಾದಷ್ಟಿವೆ, ಮುಖ್ಯವಾದವೆಲ್ಲ ಉಚಿತ. ಆದರೆ ಅವುಗಳ ಹೋಲಿಕೆ ಬರೆಯುವವರು ಇಂಗ್ಲಿಷ್ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಾರೆ. ಕನ್ನಡಕ್ಕೆ ಬಂದಾಗ ಲೆಕ್ಕವೇ ಬೇರೆ. ಇಂಗ್ಲಿಷಿಗೆ ಅತ್ಯುತ್ತಮ ಎನ್ನುವ ಟೂಲು ನಮ್ಮ ವಿಭಕ್ತಿಯ ಮುಂದೆ ಸೋಲಬಹುದು. ಇನ್ನೊಂದರಲ್ಲಿ ಒತ್ತಕ್ಷರ ಒಡೆದು ಚೂರಾಗಬಹುದು. ಒಂದೇ ಕಥೆಯ ಮೊದಲ ಅಧ್ಯಾಯವನ್ನು ಬೇರೆಬೇರೆ ಟೂಲುಗಳಲ್ಲಿ ಇಟ್ಟು ನೋಡಿದ್ದೇನೆ. ನಿಮ್ಮ ಸಂಘದಲ್ಲೋ ಶಾಲೆಯಲ್ಲೋ ಇಂಥದೊಂದು ಮಾಡುವ ಆಸೆಯಿದ್ದರೆ ನಾಲ್ಕು ವಾರ ಉಳಿಯಲಿ ಎಂದು ಇಲ್ಲಿ ಬರೆಯುತ್ತಿದ್ದೇನೆ.

ಓದುಗರು ಟೈಪ್ ಮಾಡಬೇಕೇ, ಒತ್ತಿದರೆ ಸಾಕೇ?

ಟೂಲಿನ ಹೆಸರು ಹುಡುಕುವ ಮೊದಲು ಇದೊಂದನ್ನು ತೀರ್ಮಾನಿಸಿ. ಓದಿ ಆಡುವ ಕಥೆಗಳಲ್ಲಿ ಎರಡು ಜಾತಿ. ಹಳೆಯದರಲ್ಲಿ ಪರದೆಯ ಮೇಲೆ ಒಂದು ಜಾಗದ ವರ್ಣನೆ ಬರುತ್ತದೆ, ಕೆಳಗೆ ಖಾಲಿ ಗೆರೆ. ದೀಪ ತಗೋ, ಉತ್ತರಕ್ಕೆ ಹೋಗು ಎಂದು ನಾವು ಟೈಪ್ ಮಾಡಬೇಕು. 1970ರ ದಶಕದ ನಡುವೆ ಅಮೆರಿಕದ ವಿಲ್ ಕ್ರೌದರ್ ಬರೆದು 1977ರಲ್ಲಿ ಡಾನ್ ವುಡ್ಸ್ ಬೆಳೆಸಿದ ಗುಹೆಯ ಆಟ ಈ ಜಾತಿಯ ಮೂಲಪುರುಷ. ನಮ್ಮ ಮಾತನ್ನು ಬಿಡಿಸಿ ಅರ್ಥ ಮಾಡಿಕೊಳ್ಳುವ ಭಾಗಕ್ಕೆ ಪಾರ್ಸರ್ ಎನ್ನುತ್ತಾರೆ. ಎರಡನೆಯ ಜಾತಿಯಲ್ಲಿ ಪುಟದ ಕೊನೆಗೆ ಎರಡೋ ಮೂರೋ ಆಯ್ಕೆಗಳಿರುತ್ತವೆ, ಬೇಕಾದ್ದನ್ನು ಒತ್ತಿದರೆ ಕಥೆ ಆ ಕಡೆ ತಿರುಗುತ್ತದೆ.

ಮಕ್ಕಳು ಕನ್ನಡ ಬರೆಯುವುದನ್ನೂ ಕಲಿಯಲಿ ಎಂದು ನನಗೆ ಮೊದಲ ಜಾತಿಯ ಮೇಲೇ ಮನಸ್ಸಿತ್ತು. ಕಂಪ್ಯೂಟರ್ ಮುಟ್ಟುವ ಮೊದಲು ಕಾಗದದಲ್ಲಿ ಪರೀಕ್ಷೆ ಮಾಡಿದೆ. ನಾನೇ ಕಂಪ್ಯೂಟರ್. ‘ನೀನು ಹೋಟೆಲಿನ ಅಟ್ಟದ ಮೇಲಿದ್ದೀಯ. ಗೋಡೆ ಬದಿಗೆ ನಿನ್ನ ಕಬ್ಬಿಣದ ಪೆಟ್ಟಿಗೆ ಇದೆ’ ಎಂದು ಓದಿ, ಪೆಟ್ಟಿಗೆಯೊಳಗೆ ಏನಿದೆ ಎಂದು ತಿಳಿಯಲು ಏನು ಮಾಡುತ್ತೀರಿ, ಚೀಟಿಯಲ್ಲಿ ಬರೆದು ಕೊಡಿ ಎಂದೆ. ಬಂದ ಚೀಟಿಗಳನ್ನು ನೋಡಿ: ಪೆಟ್ಟಿಗೆ ತೆರೆ. ಪೆಟ್ಟಿಗೆ ತೆಗಿ. ಪೆಟ್ಟಿಗೆಯನ್ನು ತೆರೆಯಿರಿ. ಪೆಟ್ಟಿಗೆ ಬಿಚ್ಚು. ಟ್ರಂಕ್ ಓಪನ್ ಮಾಡು. ಬೀಗ ತೆಗೆದು ನೋಡುವೆ. ಬಾಗಲಕೋಟೆ ಕಡೆಯವರ ಮಗಳು ಪೆಟಗಿ ತಗಿ ಎಂದು ಬರೆದಿದ್ದಳು. ಇನ್ನೊಬ್ಬ ಕನ್ನಡ ಅಕ್ಷರದಲ್ಲೇ ಪೇಟಿ ಉಘಡ್ ಎಂದು ಮರಾಠಿ ಬರೆದಿದ್ದ.

ಒಂದೂ ತಪ್ಪಲ್ಲ. ಮನುಷ್ಯರಿಗೆ ಎಲ್ಲವೂ ಅರ್ಥವಾಗುತ್ತದೆ. ಯಂತ್ರಕ್ಕೆ ಇವನ್ನೆಲ್ಲ ಒಂದೊಂದಾಗಿ ನಾವು ಹೇಳಿಕೊಡಬೇಕು. ಇಂಗ್ಲಿಷಿನಲ್ಲಿ ಪೆಟ್ಟಿಗೆ ಎಂಬ ಪದ ವಾಕ್ಯದಲ್ಲಿ ಎಲ್ಲಿ ಬಂದರೂ ರೂಪ ಬದಲಾಗುವುದಿಲ್ಲ. ನಮ್ಮಲ್ಲಿ ಪೆಟ್ಟಿಗೆ, ಪೆಟ್ಟಿಗೆಯನ್ನು, ಪೆಟ್ಟಿಗೆಯಲ್ಲಿ, ಪೆಟ್ಟಿಗೆಯಿಂದ, ಪೆಟ್ಟಿಗೆಗೆ. ಕ್ರಿಯಾಪದದ್ದು ಇನ್ನೂ ಕಷ್ಟ. ‘ತೆಗೆ’ ಎಂಬುದನ್ನೇ ತೆಗೆದುಕೊಳ್ಳಿ. ಬಾಗಿಲು ತೆಗೆ ಎಂದರೆ ತೆರೆಯುವುದು, ಚೀಲದಿಂದ ತೆಗೆ ಎಂದರೆ ಹೊರಕ್ಕೆ ಎತ್ತುವುದು, ಅಂಗಿ ತೆಗೆ ಎಂದರೆ ಕಳಚುವುದು. ಪೆಟ್ಟಿಗೆ ತೆಗೆ ಎಂದರೆ ಮುಚ್ಚಳ ಎತ್ತಬೇಕೋ, ಪೆಟ್ಟಿಗೆಯನ್ನೇ ಅಲ್ಲಿಂದ ಎತ್ತಿಡಬೇಕೋ?

ಟೈಪ್ ಮಾಡಿ ಆಡುವ ಕಥೆಗಳಿಗೆ ಅತ್ಯಂತ ಹೆಸರಾದ ಟೂಲು ಇನ್ಫಾರ್ಮ್. ಗ್ರಹಾಂ ನೆಲ್ಸನ್ ಎಂಬ ಬ್ರಿಟಿಷ್ ಲೇಖಕರು 1993ರಲ್ಲಿ ಹೊರತಂದದ್ದು. 2006ರ ಇನ್ಫಾರ್ಮ್ 7ರಿಂದ ಅದರ ಸ್ವರೂಪವೇ ಬದಲಾಯಿತು, 2022ರಲ್ಲಿ ಅದರ ಮೂಲ ಕೋಡ್ ಎಲ್ಲರಿಗೂ ತೆರೆಯಿತು. ಅದರ ಗುಣವನ್ನು ಮನಸಾರೆ ಹೇಳುತ್ತೇನೆ. ಪ್ರೋಗ್ರಾಮನ್ನೇ ಸರಳ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಬಹುದು. ಅಡಿಗೆಮನೆ ಒಂದು ಕೋಣೆ, ಮೇಜು ಅಡಿಗೆಮನೆಯಲ್ಲಿದೆ, ಮೇಜಿನ ಮೇಲೆ ದೀಪವಿದೆ ಎಂಬ ಅರ್ಥದ ಮೂರು ಇಂಗ್ಲಿಷ್ ವಾಕ್ಯ ಬರೆದರೆ ಸಾಕು, ಒಂದು ಪುಟ್ಟ ಲೋಕ ತಯಾರು. ಡಬ್ಬಿಯೊಳಗೆ ಡಬ್ಬಿ, ಬೀಗ ಹಾಕಿದ ಬಾಗಿಲು, ಕತ್ತಲೆ ಬೆಳಕು, ಕೈಯಲ್ಲಿ ಹಿಡಿದದ್ದು, ಮೈಮೇಲೆ ಉಟ್ಟದ್ದು, ಇವೆಲ್ಲ ಅದಕ್ಕೆ ಹುಟ್ಟಿನಿಂದಲೇ ಗೊತ್ತು. ಒತ್ತಿ ಆಡುವ ಕಥೆಗಳ ಟೂಲುಗಳಿಗೆ ಇಷ್ಟು ಲೋಕಜ್ಞಾನ ಇಲ್ಲ.

ಕನ್ನಡಕ್ಕೆ ತರುವಾಗ ಆ ಜ್ಞಾನವೇ ಹೊರೆಯಾಗುತ್ತದೆ. ‘ಆ ಕಡೆ ದಾರಿಯಿಲ್ಲ’, ‘ಅದು ಆಗಲೇ ತೆರೆದಿದೆ’ ಎಂಬಂಥ ಸಿದ್ಧ ಉತ್ತರಗಳು ನೂರಾರು ಇವೆ, ಎಲ್ಲ ಇಂಗ್ಲಿಷಿನಲ್ಲಿ. ಎಲ್ಲವನ್ನೂ ಕನ್ನಡಿಸಬೇಕು. ಅದರ ಮೇಲೆ ಇದು: ಇನ್ಫಾರ್ಮ್ ತಾನಾಗಿ ಪ್ರತಿ ಪದದ ಮೊದಲ 9 ಅಕ್ಷರಗಳನ್ನಷ್ಟೇ ನೋಡುತ್ತದೆ. ಇಂಗ್ಲಿಷಿಗೆ 9 ಸಾಕು. ಕಂಪ್ಯೂಟರು ಅಕ್ಷರಗಳನ್ನು ಗುರುತಿಸುವ ಯುನಿಕೋಡ್ ಲೆಕ್ಕದಲ್ಲಿ ‘ಪೆಟ್ಟಿಗೆ’ ಎಂಬುದೇ 8. ಪ, ಅದರ ಎತ್ವ, ಟ, ಅದರ ಹಲಂತ, ಇನ್ನೊಂದು ಟ, ಅದರ ಗುಡಿಸು, ಗ, ಅದರ ಎತ್ವ. ಒಂಬತ್ತನೆಯದು ‘ಯ’. ಅಲ್ಲಿಗೆ ಪೆಟ್ಟಿಗೆಯನ್ನು, ಪೆಟ್ಟಿಗೆಯಲ್ಲಿ, ಪೆಟ್ಟಿಗೆಯಿಂದ ಮೂರೂ ಯಂತ್ರದ ಕಣ್ಣಿಗೆ ಒಂದೇ ಪದ. ಸೆಟ್ಟಿಂಗ್ ಬದಲಿಸಿ ಈ ಮಿತಿಯನ್ನು ಏರಿಸಬಹುದು, ಆದರೆ ಅಲ್ಲಿಗೆ ಹೋಗುವಷ್ಟು ತಾಂತ್ರಿಕ ತಾಳ್ಮೆ ಇರುವವರಿಗೆ ಮಾತ್ರ ಅದು ದಾರಿ.

ಟ್ಯಾಡ್ಸ್ ಎಂಬುದೂ ಇದೇ ಜಾತಿಯದು, ಪ್ರೋಗ್ರಾಮಿಂಗ್ ಬಲ್ಲವರಿಗೆ. ಕ್ವೆಸ್ಟ್ ಎಂಬುದರಲ್ಲಿ ಕೋಡ್ ಕಡಿಮೆ, ಫಾರಂ ತುಂಬಿದಂತೆ ಕೋಣೆ, ವಸ್ತು ಸೇರಿಸುತ್ತ ಹೋಗಬಹುದು. ಎರಡಕ್ಕೂ ಕನ್ನಡದ ಮಟ್ಟಿಗೆ ಇದೇ ತೊಡಕು.

ನನ್ನ ತೀರ್ಮಾನ ಸ್ಪಷ್ಟವಾಗಿದೆ. ನೀವು ಇಂಗ್ಲಿಷಿನಲ್ಲಿ ಬರೆಯುವುದಾದರೆ, ಒಗಟು ಬಿಡಿಸುವುದೇ ಕಥೆಯ ಜೀವಾಳವಾದರೆ, ಕಣ್ಣು ಮುಚ್ಚಿ ಇನ್ಫಾರ್ಮ್ ಹಿಡಿಯಿರಿ. ಕನ್ನಡದ ಓದುಗರಿಗೆ, ಅದರಲ್ಲೂ ಮೊಬೈಲಿನಲ್ಲಿ ಓದುವವರಿಗೆ ಒತ್ತಿ ಆಡುವ ಕಥೆಯೇ ಸರಿ. ಸಂಜೆಯ ಲೋಕಲ್ ಟ್ರೇನಿನಲ್ಲಿ ಒಂದು ಕೈ ಮೇಲಿನ ಹಿಡಿಕೆಯಲ್ಲಿ, ಇನ್ನೊಂದು ಕೈಯಲ್ಲಿ ಫೋನು. ಹಾಗೆ ನಿಂತವರು ಕನ್ನಡ ಕೀಬೋರ್ಡು ತೆರೆದು ‘ಪೆಟ್ಟಿಗೆಯನ್ನು ತೆರೆ’ ಎಂದು ಟೈಪಿಸಲಾರರು.

ಟ್ವೈನ್

ಮೊದಲ ಸಲ ಕೈ ಹಾಕುವವರಿಗೆ ನಾನು ಹೇಳುವುದು ಟ್ವೈನ್. ಕ್ರಿಸ್ ಕ್ಲೈಮಾಸ್ 2009ರಲ್ಲಿ ಶುರು ಮಾಡಿದ್ದು. ಬ್ರೌಸರಿನಲ್ಲೇ ತೆರೆದು ಬರೆಯಬಹುದು, ಕಂಪ್ಯೂಟರಿಗೆ ಇಳಿಸಿಕೊಳ್ಳಲೂಬಹುದು. ಪರದೆ ಒಂದು ದೊಡ್ಡ ಹಲಗೆಯಿದ್ದಂತೆ. ಅದರ ಮೇಲೆ ಚೌಕಗಳು, ಒಂದೊಂದು ಚೌಕವೂ ಕಥೆಯ ಒಂದು ತುಣುಕು. ಚೌಕದೊಳಗೆ [[ಗಲ್ಲಾದ ಹತ್ತಿರ ಹೋಗು]] ಎಂದು ಜೋಡಿ ಆವರಣ ಹಾಕಿ ಬರೆದರೆ, ಆ ಹೆಸರಿನ ಹೊಸ ಚೌಕ ತಾನೇ ಹುಟ್ಟುತ್ತದೆ, ನಡುವೆ ಬಾಣದ ಗೆರೆಯೂ ಮೂಡುತ್ತದೆ. ತೋರಿಸುವ ಮಾತು ಬೇರೆ, ಚೌಕದ ಹೆಸರು ಬೇರೆ ಬೇಕಾದರೆ [[ಮಾಲಕರನ್ನು ಕೇಳಿ ನೋಡು->ಗಲ್ಲಾ]] ಎಂದರಾಯಿತು. ಅರ್ಧ ಗಂಟೆಯಲ್ಲಿ ಎಂಟನೇ ತರಗತಿಯ ಮಕ್ಕಳು ಇಷ್ಟು ಕಲಿತರು. ಮುಂದಿನ ಭಾನುವಾರ ಅವರೇ ತಮ್ಮ ಕಟ್ಟಡದ ಲಿಫ್ಟು ಕೆಟ್ಟ ರಾತ್ರಿಯ ಕಥೆ ಕಟ್ಟಿ ತಂದಿದ್ದರು.

ಕಥೆ ಹೇಗೆ ಕವಲೊಡೆದಿದೆ ಎಂಬುದು ಕಣ್ಣಿಗೆ ಕಾಣುವುದೇ ಟ್ವೈನಿನ ದೊಡ್ಡ ಬಲ. ಒಂದು ಕವಲು ಮುಂದಕ್ಕೆ ಹೋಗದೆ ನಿಂತಿದ್ದರೆ ನಕ್ಷೆಯಲ್ಲೇ ತಿಳಿಯುತ್ತದೆ. ನೂರು ಚೌಕ ದಾಟಿದ ಮೇಲೆ ಅದೇ ನಕ್ಷೆ ಜಡೆ ಸಿಕ್ಕಾದಂತೆ ಆಗುತ್ತದೆ. ಹಾಗಾಗದಿರಲು ಒಂದು ಅಧ್ಯಾಯವನ್ನು ಒಂದು ಮೂಲೆಯಲ್ಲಿ, ಇನ್ನೊಂದನ್ನು ಇನ್ನೊಂದು ಮೂಲೆಯಲ್ಲಿ ಮೊದಲಿನಿಂದಲೇ ಜೋಡಿಸುತ್ತ ಬನ್ನಿ.

ಟ್ವೈನಿನೊಳಗೇ ಇನ್ನೊಂದು ಆಯ್ಕೆ ಬರುತ್ತದೆ: ಕಥೆಯ ಫಾರ್ಮ್ಯಾಟ್. ಹಾರ್ಲೋ ತಾನಾಗಿಯೇ ಬರುವಂಥದು. ಕಪ್ಪು ಹಿನ್ನೆಲೆ, ಬಿಳಿ ಅಕ್ಷರ, ಪಕ್ಕದಲ್ಲಿ ಹಿಂದೆ ಮುಂದೆ ಹೋಗುವ ಬಾಣ. ಶುಗರ್‌ಕ್ಯೂಬಿನಲ್ಲಿ ಆಟವನ್ನು ಸೇವ್ ಮಾಡುವ ವ್ಯವಸ್ಥೆ ಸಿದ್ಧವಾಗಿಯೇ ಇದೆ, ದೊಡ್ಡ ಆಟ ಕಟ್ಟುವವರು ಹೆಚ್ಚಾಗಿ ಅದನ್ನೇ ಹಿಡಿಯುತ್ತಾರೆ. ಚಾಪ್‌ಬುಕ್ ಸರಳ, ಮೊಬೈಲಿನಲ್ಲಿ ಅಂದವಾಗಿ ಕಾಣುತ್ತದೆ. ನಡುವೆ ಬದಲಿಸಿದರೆ ಒಂದರಲ್ಲಿ ಬರೆದ ಆದೇಶಗಳು ಇನ್ನೊಂದರಲ್ಲಿ ನಡೆಯುವುದಿಲ್ಲ, ಆದ್ದರಿಂದ ಮೊದಲೇ ಯೋಚಿಸಿ. ಹುಡುಗನ ಕೈಯಲ್ಲಿ ಎಷ್ಟು ರೂಪಾಯಿ ಇದೆ ಎಂದು ನೆನಪಿಡಬೇಕಾದರೆ ಹಾರ್ಲೋ, ಶುಗರ್‌ಕ್ಯೂಬುಗಳಲ್ಲಿ ಸೆಟ್ ಎಂಬ ಆದೇಶ ಬೇಕು. ಹಣವಿದ್ದರೆ ಮಾತ್ರ ಪುಸ್ತಕದ ಅಂಗಡಿಯ ಆಯ್ಕೆ ತೋರಿಸಬೇಕಾದರೆ ಇಫ್. ಇವೆರಡು ಬಂದರೆ ಮುಕ್ಕಾಲು ಕೆಲಸ ಆದಂತೆ. ಹಣ, ಹಾಜರಿ ಇಂಥ ಲೆಕ್ಕಗಳ ಹೆಸರನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಓದುಗರ ಕಣ್ಣಿಗೆ ಅವು ಬೀಳುವುದಿಲ್ಲ, ನಿಮಗೆ ತಲೆನೋವು ತಪ್ಪುತ್ತದೆ.

ಎಚ್ಚರಿಕೆ ಎರಡು. ಬ್ರೌಸರಿನಲ್ಲಿ ಬರೆದ ಕಥೆ ಆ ಬ್ರೌಸರಿನ ಒಳಗೇ ಉಳಿಯುತ್ತದೆ, ಬೇರೆಲ್ಲೂ ಇಲ್ಲ. ಮನೆಯ ಯಾರಾದರೂ ಬ್ರೌಸರಿನ ದತ್ತಾಂಶ ಅಳಿಸಿದರೆ ಕಥೆಯೂ ಅದರ ಜೊತೆ ಹೋಗುತ್ತದೆ. ಮನೆಗೆಲ್ಲ ಒಂದೇ ಲ್ಯಾಪ್‌ಟಾಪ್ ಇರುವ ಕಡೆ ಇದು ಸಣ್ಣ ಮಾತಲ್ಲ. ಕೂತು ಬರೆದ ಪ್ರತಿ ದಿನ ಏಳುವ ಮುಂಚೆ ಫೈಲಾಗಿ ಇಳಿಸಿಕೊಳ್ಳಿ, ಇಲ್ಲವೇ ಕಂಪ್ಯೂಟರಿಗೆ ಇಳಿಸಿದ ಟ್ವೈನಿನಲ್ಲೇ ಬರೆಯಿರಿ. ಎರಡನೆಯದು ಕನ್ನಡಕ್ಕೇ ಸೇರಿದ್ದು. ‘ಸ್ಟೇಷನ್‌ಗೆ’ ಎಂದು ಬರೆಯುವಾಗ ನ್ ಮತ್ತು ಗೆ ಬೇರೆ ನಿಲ್ಲಲು ಕೀಬೋರ್ಡು ನಡುವೆ ಕಣ್ಣಿಗೆ ಕಾಣದ ಒಂದು ಗುರುತು ಹಾಕುತ್ತದೆ. ಇನ್ನೊಂದು ಕೀಬೋರ್ಡಿನಲ್ಲಿ ಅದಿಲ್ಲದೆ ‘ಸ್ಟೇಷನ್ಗೆ’ ಆಗಬಹುದು. ಯಂತ್ರಕ್ಕೆ ಇವು ಎರಡು ಬೇರೆ ಹೆಸರು, ಕೊಂಡಿ ಕಡಿಯುತ್ತದೆ. ಚೌಕಗಳಿಗೆ ಅಟ್ಟ, ಗಲ್ಲಾ, ಶಾಲೆ, ಬೀದಿ ಎಂದು ಸ್ವರದಲ್ಲಿ ಮುಗಿಯುವ ಚಿಕ್ಕ ಹೆಸರು ಕೊಟ್ಟರೆ ಈ ಗೋಜಿಲ್ಲ.

ಇಂಕ್

ಮೊದಲ ಅಧ್ಯಾಯ ಟ್ವೈನಿನಲ್ಲಿ ಮುಗಿಸಿ, ಎರಡನೆಯದಕ್ಕೆ ನಾನು ಇಂಕ್‌ಗೆ ಬಂದೆ. ಕೇಂಬ್ರಿಜ್‌ನ ಇಂಕಲ್ ಎಂಬ ಆಟದ ಕಂಪನಿ ತನ್ನ ಆಟಗಳನ್ನು ಬರೆಯಲೆಂದು ಮಾಡಿಕೊಂಡು, 2016ರಲ್ಲಿ ಎಲ್ಲರಿಗೂ ಉಚಿತವಾಗಿ ಬಿಟ್ಟುಕೊಟ್ಟ ಬರವಣಿಗೆಯ ಭಾಷೆ ಇದು. ಬರೆಯುವ ಜಾಗದ ಹೆಸರು ಇಂಕಿ. ಎಡಕ್ಕೆ ನೀವು ಬರೆಯುತ್ತೀರಿ, ಬಲಕ್ಕೆ ಅದೇ ಕಥೆ ಆಗಲೇ ಆಡುತ್ತಿರುತ್ತದೆ. ಚೌಕವಿಲ್ಲ, ನಕ್ಷೆಯಿಲ್ಲ, ಮೇಲಿಂದ ಕೆಳಕ್ಕೆ ಹಾಳೆಯಲ್ಲಿ ಬರೆದಂತೆ ಬರೆಯುತ್ತ ಹೋಗುವುದು. ಉದಾಹರಣೆಗೆ ಈ ನಾಲ್ಕು ಸಾಲು:

ಬೆಳಗಿನ ನಾಲ್ಕೂವರೆ. ಅಟ್ಟದಲ್ಲಿ ಎಲ್ಲರೂ ಮಲಗಿದ್ದಾರೆ.
* [ಪೆಟ್ಟಿಗೆ ತೆರೆ] ಅಮ್ಮ ಕಟ್ಟಿಕೊಟ್ಟ ಹಪ್ಪಳದ ವಾಸನೆ ಮೂಗಿಗೆ ಬಡಿಯಿತು.
* [ಪಕ್ಕದವನನ್ನು ಎಬ್ಬಿಸು] ‘ಮಲಗು ಮಾರಾಯ, ಇನ್ನೂ ಕತ್ತಲೆ ಉಂಟು’ ಎಂದು ಅವನು ಮಗ್ಗುಲಾದ.
- ಅಷ್ಟರಲ್ಲಿ ಕೆಳಗಿನಿಂದ ಒಲೆ ಹೊತ್ತಿಸುವ ಸದ್ದು ಬಂತು.

ನಕ್ಷತ್ರ ಹಾಕಿದ್ದು ಆಯ್ಕೆ. ಆವರಣದೊಳಗಿನದು ಒತ್ತುವ ಗುಂಡಿಯಲ್ಲಿ ಮಾತ್ರ ಕಾಣುತ್ತದೆ, ಮುಂದಿನದು ಒತ್ತಿದ ಮೇಲೆ. ಕೊನೆಯ ಅಡ್ಡಗೆರೆಯ ಸಾಲಿಗೆ ಎರಡೂ ಕವಲುಗಳು ಬಂದು ಸೇರುತ್ತವೆ. ಟ್ವೈನಿನಲ್ಲಿ ಇಷ್ಟನ್ನೇ ಮಾಡಲು ಸಾಮಾನ್ಯವಾಗಿ ನಾಲ್ಕು ಚೌಕ ಬೇಕು. ಸಣ್ಣ ಸಣ್ಣ ಆಯ್ಕೆಗಳು ಹೆಜ್ಜೆಹೆಜ್ಜೆಗೂ ಬಂದು ಮತ್ತೆ ಒಂದಾಗುವ ಕಥೆಗೆ, ಮಾತುಕತೆ ಹೆಚ್ಚಿರುವ ಕಥೆಗೆ ಇಂಕ್‌ನಷ್ಟು ಅನುಕೂಲದ್ದು ಇನ್ನೊಂದಿಲ್ಲ. ಕವಲಿನ ಚಿಂತೆಯಲ್ಲಿ ವಾಕ್ಯದ ಲಯ ತಪ್ಪುವುದಿಲ್ಲ. ಇದನ್ನು ನಾನು ಬಹಳ ದೊಡ್ಡ ಗುಣವೆಂದು ತಿಳಿದಿದ್ದೇನೆ.

ಇನ್ನೊಂದು ಸೌಲಭ್ಯ ನನಗೆ ಪ್ರಾಣ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಬಂದಾಗ ಬೇರೆ ಮಾತು ಕಾಣುವಂತೆ ಮಾಡುವುದು. {ಬಿಸಿನೀರಿಗೆ ಬೆರಳು ಸುಡುತ್ತದೆ.|ಬೆರಳ ತುದಿ ಸುಕ್ಕುಗಟ್ಟಿದೆ.|ಈಗೀಗ ಬಿಸಿ ತಾಗುವುದೇ ಇಲ್ಲ.} ಎಂದು ಬರೆದರೆ ತಟ್ಟೆ ತೊಳೆಯುವ ಜಾಗಕ್ಕೆ ಮೊದಲ ಸಲ ಬಂದಾಗ ಮೊದಲನೆಯದು, ಎರಡನೆಯ ಸಲ ಎರಡನೆಯದು, ಆಮೇಲೆ ಯಾವಾಗಲೂ ಮೂರನೆಯದು ಬರುತ್ತದೆ. ಹುಡುಗ ದುಡಿಮೆಗೆ ಒಗ್ಗಿದ್ದನ್ನು ಬೇರೆ ಮಾತಿನಲ್ಲಿ ಹೇಳಬೇಕಾಗಿಯೇ ಬರಲಿಲ್ಲ.

ತೊಡಕೂ ಇದೆ. ಭಾಗಗಳ ಹೆಸರನ್ನು, ಲೆಕ್ಕಗಳ ಹೆಸರನ್ನು ಇಲ್ಲೂ ಇಂಗ್ಲಿಷ್ ಅಕ್ಷರದಲ್ಲೇ ಇಡುವುದು ಕ್ಷೇಮ. ನಕ್ಷೆ ಇಲ್ಲದ್ದರಿಂದ ಕವಲುಗಳು ತಲೆಯಲ್ಲೇ ಇರಬೇಕು, ನಾನು ಪಕ್ಕದಲ್ಲಿ ನೋಟ್‌ಬುಕ್ ಇಟ್ಟುಕೊಂಡೇ ಬರೆಯುತ್ತೇನೆ. ಮಕ್ಕಳಿಗೆ ಕಲಿಸುವುದು ಟ್ವೈನಿಗಿಂತ ನಿಧಾನ. ಟ್ವೈನ್ ಕಥೆ ಮುಗಿದಾಗ ಒಂದೇ ಫೈಲು ಕೈಗೆ ಸಿಗುತ್ತದೆ, ಇಂಕಿಯಲ್ಲಿ ವೆಬ್ಬಿಗೆಂದು ತೆಗೆದರೆ ನಾಲ್ಕಾರು ಫೈಲುಗಳ ಒಂದು ಫೋಲ್ಡರ್ ಬರುತ್ತದೆ.

ಗೂಗಲ್ ಫಾರ್ಮ್ಸ್, ಚಾಯ್ಸ್‌ಸ್ಕ್ರಿಪ್ಟ್, ರೆನ್‌ಪೈ

ಹೊಸ ಟೂಲು ಕಲಿಯಲು ಪುರಸೊತ್ತೇ ಇಲ್ಲದ ಶಿಕ್ಷಕರಿಗೆ ಗೂಗಲ್ ಫಾರ್ಮ್ಸ್ ಸಾಕು. ಒಂದೊಂದು ಜಾಗಕ್ಕೆ ಒಂದೊಂದು ವಿಭಾಗ ಮಾಡಿ, ಉತ್ತರಕ್ಕೆ ತಕ್ಕಂತೆ ಬೇರೆ ವಿಭಾಗಕ್ಕೆ ಕಳಿಸುವ ಸೌಲಭ್ಯ ಅದರಲ್ಲಿದೆ. ಹಣ, ಹಾಜರಿ ಯಾವುದೂ ಅದಕ್ಕೆ ನೆನಪಿರುವುದಿಲ್ಲ. ಆದರೆ ಯಾರು ಯಾವ ದಾರಿ ಹಿಡಿದರು ಎಂಬುದು ಕೋಷ್ಟಕದಲ್ಲಿ ಸಿಗುತ್ತದೆ. ಮಾಲಕರ ಮುಂದೆ ನಿಜ ಹೇಳಿದವರೆಷ್ಟು, ಸುಳ್ಳು ಹೇಳಿದವರೆಷ್ಟು ಎಂದು ನೋಡಿ ಮುಂದಿನ ವಾರ ಮಾತಿಗೆ ಕೂರಬಹುದು. ಮಕ್ಕಳ ಇಮೇಲ್ ಕೇಳುವ ಸೆಟ್ಟಿಂಗನ್ನು ಮಾತ್ರ ಆಫ್ ಮಾಡಿಡಿ.

ಚಾಯ್ಸ್‌ಸ್ಕ್ರಿಪ್ಟ್ ಉದ್ದನೆಯ, ಕಾದಂಬರಿಯಂಥ ಕಥೆಗೆ. ಪಾತ್ರದ ಗುಣಗಳನ್ನು ಅಂಕೆಯಲ್ಲಿ ಬೆಳೆಸುತ್ತ ಹೋಗುವುದು ಅದರ ಶೈಲಿ. ಕಥೆಯ ಎಲ್ಲ ಕವಲುಗಳನ್ನೂ ತಾನೇ ಓಡಿಸಿ ತಪ್ಪು ಹುಡುಕುವ ಪರೀಕ್ಷಾ ವ್ಯವಸ್ಥೆ ಅದರ ಜೊತೆಗೇ ಬರುತ್ತದೆ. ಆದರೆ ಸಾಲಿನ ಆರಂಭದ ಖಾಲಿ ಜಾಗ ಒಂದು ಹೆಚ್ಚುಕಡಿಮೆಯಾದರೂ ಅದು ಮುನಿಸಿಕೊಳ್ಳುತ್ತದೆ. ಹಣಕ್ಕೆ ಮಾರುವುದಾದರೆ ಅದರ ಕಂಪನಿಯ ಒಪ್ಪಿಗೆಯೂ ಬೇಕು.

ಚಿತ್ರ, ದನಿ, ಹಿನ್ನೆಲೆ ಸಂಗೀತ ಬೇಕೆನ್ನುವವರಿಗೆ ರೆನ್‌ಪೈ. 2004ರಿಂದ ಇದೆ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಮೇಲೆ ಕಟ್ಟಿದ್ದು. ಆ್ಯಂಡ್ರಾಯ್ಡ್ ಆ್ಯಪ್ ಆಗಿಯೇ ಹೊರತರಬಹುದು. ಓದುತ್ತ ಓದುತ್ತ ಹಿಂದಕ್ಕೆ ಸರಿಯುವ ಸೌಲಭ್ಯ ಅದರಲ್ಲಿ ಹುಟ್ಟಿನಿಂದಲೇ ಇದೆ. ಹಿರಿಯರ ನೆನಪುಗಳನ್ನು ಅವರ ದನಿಯಲ್ಲೇ ಸೇರಿಸುವ ಯೋಚನೆ ನಿಮಗಿದ್ದರೆ ಇದನ್ನೇ ಹಿಡಿಯಿರಿ. ಬರೀ ಅಕ್ಷರದ ಕಥೆಗೆ ಇಷ್ಟು ದೊಡ್ಡ ಸಾಮಾನು ಬೇಡ.

ಅಕ್ಷರ ಒಡೆಯಬಾರದು

ನಾನು ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡದ್ದು ಇದಕ್ಕೆ. ಈಗಷ್ಟೇ ಒತ್ತಕ್ಷರ ಕಲಿತ ಮಗು ಪರದೆಯಲ್ಲಿ ‘ಅಮ್ಮ’ ಎಂಬುದನ್ನು ಅಮ್‌ಮ ಎಂದು ಬಿಡಿಬಿಡಿಯಾಗಿ ನೋಡಬಾರದು. ಟ್ವೈನ್, ಇಂಕ್‌ನ ವೆಬ್ ರೂಪ, ಚಾಯ್ಸ್‌ಸ್ಕ್ರಿಪ್ಟ್, ಫಾರ್ಮ್ಸ್ ಎಲ್ಲವೂ ಬ್ರೌಸರಿನಲ್ಲಿ ಓಡುತ್ತವೆ, ಅಕ್ಷರ ಕೂಡಿಸುವ ಕೆಲಸ ಬ್ರೌಸರಿನದು. ಇವತ್ತಿನ ಬ್ರೌಸರುಗಳು ಕನ್ನಡವನ್ನು ಚೆನ್ನಾಗಿ ಕೂಡಿಸುತ್ತವೆ. ಅಪಾಯ ಇರುವುದು ಬ್ರೌಸರ್ ಬಿಟ್ಟು ಹೊರಟಾಗ. ಇಂಕ್ ಕಥೆಯನ್ನು ಯೂನಿಟಿ ಎಂಬ ಆಟ ಕಟ್ಟುವ ಸಾಫ್ಟ್‌ವೇರಿನೊಳಗೆ ಇಡುವವರು ಬಹಳ. ಅಲ್ಲಿ ಸಾಮಾನ್ಯವಾಗಿ ಬಳಸುವ ಟೆಕ್ಸ್ಟ್‌ಮೆಶ್ ಪ್ರೋ ಭಾರತೀಯ ಲಿಪಿಗಳ ಒತ್ತು, ಕೊಂಬುಗಳನ್ನು ತಾನಾಗಿ ಕೂಡಿಸುವುದಿಲ್ಲ. ಅಂಥದೇ ಇನ್ನೊಂದು ಸಾಫ್ಟ್‌ವೇರಾದ ಗೋಡೋ 4ರಲ್ಲಿ ಈ ತೊಂದರೆ ಇಲ್ಲ. ರೆನ್‌ಪೈ ಹಿಡಿದರೆ 8.1 ಇಲ್ಲವೇ ಅದರ ನಂತರದ ಆವೃತ್ತಿಯನ್ನೇ ಹಾಕಿಕೊಳ್ಳಿ, ಕೂಡಕ್ಷರ ಸರಿಯಾಗಿ ಮೂಡಿಸುವ ಹಾರ್ಫ್‌ಬಝ್ ಅದರಲ್ಲಿ ಸೇರಿದೆ.

ಒಂದೊಂದೇ ಅಕ್ಷರ ಮೂಡುವ ಟೈಪ್‌ರೈಟರ್ ಪರಿಣಾಮವನ್ನು ಬಳಸಬೇಡಿ. ಇಂಗ್ಲಿಷಿನಲ್ಲಿ ಅದು ಚೆಂದ. ಕನ್ನಡದಲ್ಲಿ ‘ಸ್ತ್ರೀ’ ಎಂಬುದು ಮೊದಲು ಸ, ಆಮೇಲೆ ಸ್, ಆಮೇಲೆ ಸ್ತ, ಹೀಗೆ ಕಣ್ಣೆದುರೇ ರೂಪ ಬದಲಿಸುತ್ತ ಕುಣಿಯುತ್ತದೆ.

ಫಾಂಟಿನ ವಿಷಯಕ್ಕೆ ಬಂದರೆ ನಮಗೆ ಮುಂಬೈಯವರಿಗೆ ಒಂದು ಹೆಮ್ಮೆ ಇದೆ. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಬಲೂ ತಮ್ಮ ಮತ್ತು ಅನೇಕ್ ಕನ್ನಡ ಎರಡನ್ನೂ ರೂಪಿಸಿದ್ದು ಮುಂಬೈಯ ಏಕ್ ಟೈಪ್. ಬಲೂ ತಮ್ಮ ದುಂಡುದುಂಡಗೆ, ಶೀರ್ಷಿಕೆಗೆ ಒಪ್ಪುತ್ತದೆ. ಉದ್ದ ಓದಿಗೆ ಅನೇಕ್ ಕನ್ನಡ ಇಲ್ಲವೇ ನೋಟೋ ಸೆರಿಫ್ ಕನ್ನಡ. ಫಾಂಟು ನೀವು ಹೇಳದಿದ್ದರೆ ವಿಂಡೋಸಿನಲ್ಲಿ ನಿರ್ಮಲಾ, ಆ್ಯಂಡ್ರಾಯ್ಡಿನಲ್ಲಿ ನೋಟೋ ಹೀಗೆ ಆಯಾ ಸಾಧನದ್ದು ಬರುತ್ತದೆ, ಅದೂ ಓದಲು ಅಡ್ಡಿಯಿಲ್ಲ. ಸಾಲುಗಳ ನಡುವಿನ ಅಂತರವನ್ನು ಮಾತ್ರ ಇಂಗ್ಲಿಷಿಗಿಂತ ಹೆಚ್ಚು ಇಡಿ. ನಾನು ಅಕ್ಷರದ ಗಾತ್ರದ 1.8 ಪಟ್ಟು ಇಟ್ಟಿದ್ದೇನೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುವುದಿಲ್ಲ.

ಸಂಘದ ಹಳೆಯ ಸ್ಮರಣಸಂಚಿಕೆಯಿಂದ ಬರಹ ತೆಗೆದು ಕಥೆ ಕಟ್ಟುವವರಿಗೆ ಇನ್ನೊಂದು ಮಾತು. ಡಿಟಿಪಿಯವರು ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಫೈಲುಗಳು ಯುನಿಕೋಡ್ ಅಲ್ಲ. ಹಾಗೇ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಮೊದಲು ಯುನಿಕೋಡಿಗೆ ಪರಿವರ್ತಿಸಿ, ಆಮೇಲೆ ಕಣ್ಣಿಟ್ಟು ಓದಿ. ಅರ್ಕಾವತ್ತು ಇರುವ ಪದಗಳು ಅಲ್ಲಲ್ಲಿ ಎಡವಿರುತ್ತವೆ.

ಓದುಗರ ಹೆಸರು ಕೇಳಿ ಅದನ್ನೇ ನಾಯಕನಿಗೆ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಹಲವು ಟೂಲುಗಳಲ್ಲಿ ಆಗುತ್ತದೆ, ಕನ್ನಡದಲ್ಲಿ ಮಾತ್ರ ಎಡವಟ್ಟು. ಮಗು ‘ಸುರೇಶ’ ಎಂದು ಟೈಪ್ ಮಾಡಿತು ಅನ್ನಿ, ನೀವು ಹೆಸರಿನ ಮುಂದೆ ‘ಗೆ’ ಅಂಟಿಸಿದ್ದೀರಿ, ‘ಸುರೇಶಗೆ’ ಎಂದು ಬರುತ್ತದೆ. ರವಿಗೆ, ಸುರೇಶನಿಗೆ, ಕಮಲಳಿಗೆ ಎಂದು ಹೆಸರಿಗೊಂದು ರೂಪ ಬೇಕಾಗುತ್ತದೆ. ಅದರ ಬದಲು ಮೂರು ಹೆಸರು ಕೊಟ್ಟು ಆರಿಸಲು ಹೇಳಿ, ಒಂದೊಂದಕ್ಕೂ ವಿಭಕ್ತಿ ರೂಪಗಳನ್ನು ಮೊದಲೇ ಬರೆದಿಟ್ಟುಕೊಳ್ಳಿ. ಇಲ್ಲವೇ ನನ್ನ ಹಾಗೆ ಉದ್ದಕ್ಕೂ ‘ನೀನು’ ಎಂದೇ ಬರೆಯಿರಿ. ಹೋದೆ, ಬಂದೆ, ನೋಡಿದೆ ಎನ್ನುವಾಗ ಹುಡುಗ ಹುಡುಗಿ ಎಂಬ ಭೇದವೂ ಬರುವುದಿಲ್ಲ.

ಓದುಗರ ಕೈಗೆ ಮುಟ್ಟಿಸುವುದು

ಟ್ವೈನಿನ ಒಂದೇ ಫೈಲನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಬಹುದು. ಆ್ಯಂಡ್ರಾಯ್ಡಿನಲ್ಲಿ ಬ್ರೌಸರಿನಲ್ಲಿ ತೆರೆಯಲು ಹೇಳಿ, ನೆಟ್ ಇಲ್ಲದೆಯೂ ಆಡಬಹುದು. ನಮ್ಮ ಲೋಕಲ್ ಟ್ರೇನಿನ ದಾರಿಯ ಪಾರಸಿಕ್ ಸುರಂಗದೊಳಗೆ ನೆಟ್ ಹೋದರೂ ಕಥೆ ನಿಲ್ಲುವುದಿಲ್ಲ. ಐಫೋನಿನಲ್ಲಿ ಹಾಗೇ ತೆರೆದರೆ ಆಯ್ಕೆಗಳು ಒತ್ತಿಸಿಕೊಳ್ಳದೆ ಇರಬಹುದು, ಅವರಿಗೆ ಲಿಂಕೇ ಬೇಕು. ಇಚ್ ಡಾಟ್ ಐಓ ಎಂಬ ತಾಣದಲ್ಲಿ ಟ್ವೈನ್ ಫೈಲನ್ನೋ ಇಂಕ್‌ನ ಫೋಲ್ಡರನ್ನು ಜಿಪ್ ಮಾಡಿಯೋ ಏರಿಸಿ, ಬ್ರೌಸರಿನಲ್ಲೇ ಆಡುವಂತೆ ಗುರುತು ಹಾಕಿದರೆ ಒಂದು ಲಿಂಕ್ ಸಿಗುತ್ತದೆ. ಇದಕ್ಕೂ ದುಡ್ಡಿಲ್ಲ.

ಮೊದಲ ಅಧ್ಯಾಯ ಮುಗಿದ ದಿನ ಮಾವನ ಕೈಗೆ ಟ್ಯಾಬ್ ಕೊಟ್ಟೆ. ಎಂಬತ್ತು ದಾಟಿದ ಕಣ್ಣು, ಅಕ್ಷರ ದೊಡ್ಡದು ಮಾಡಿದ್ದೆ. ಹೋಟೆಲು ಮುಚ್ಚುವ ಹೊತ್ತಿನ ದೃಶ್ಯದಲ್ಲಿ ‘ಶಾಲೆಗೆ ಹೊರಡು’ ಮತ್ತು ‘ಇವತ್ತೊಂದು ದಿನ ಮಲಗು’ ಎಂಬ ಎರಡು ಆಯ್ಕೆಗಳಿದ್ದವು. ಅವರು ಮಲಗು ಎಂಬುದನ್ನು ಒತ್ತಿದರು. ಮುಂದಿನ ಪುಟದಲ್ಲಿ ಮೇಷ್ಟರು ಹಾಜರಿ ಕರೆದು, ಉತ್ತರ ಬಾರದೆ ಒಂದು ಕ್ಷಣ ನಿಂತು, ಮುಂದಿನ ಹೆಸರಿಗೆ ಹೋದರು. ಮಾವ ಅದನ್ನು ಎರಡು ಸಲ ಓದಿ ಕೇಳಿದರು.

“ಇದರಲ್ಲಿ ಹಿಂದೆ ಹೋಗ್ಲಿಕ್ಕೆ ಉಂಟಾ?”

“ಉಂಟು ಮಾವ, ಇಲ್ಲಿ ಎಡಗಡೆಯ ಬಾಣ ಒತ್ತಿ.”

ಒತ್ತಿದರು. ಹಾರ್ಲೋದಲ್ಲಿ ಆ ಬಾಣ ತಾನಾಗಿಯೇ ಇರುತ್ತದೆ, ಶುಗರ್‌ಕ್ಯೂಬಿನಲ್ಲೂ ಇದೆ. ಇಂಕ್‌ನ ವೆಬ್ ರೂಪದಲ್ಲಿ ಮೊದಲಿಂದ ಶುರು ಮಾಡುವುದು ಉಂಟು, ಒಂದೇ ಹೆಜ್ಜೆ ಹಿಂದಕ್ಕೆ ಬರುವುದಿಲ್ಲ. ಚಾಯ್ಸ್‌ಸ್ಕ್ರಿಪ್ಟಿನಲ್ಲೂ ಇಲ್ಲ. ಹಿಂದೆ ಬರಲು ಬಿಡಬೇಕೋ ಬೇಡವೋ ಎಂಬುದನ್ನು ನಿಮ್ಮ ಓದುಗರನ್ನು ನೋಡಿ ತೀರ್ಮಾನಿಸಿ. ಬಿಡಬೇಕೆಂದಿದ್ದರೆ ಟೂಲು ಆರಿಸುವಾಗಲೇ ಅದನ್ನು ಲೆಕ್ಕಕ್ಕೆ ಹಿಡಿಯಿರಿ. ನಮ್ಮ ಎರಡನೆಯ ಅಧ್ಯಾಯ ಇಂಕ್‌ನಲ್ಲಿದೆ, ಅದಕ್ಕೊಂದು ಹಿಂದಿನ ಬಾಣ ಸೇರಿಸುವ ಕೆಲಸ ಈ ವಾರ ನಡೆಯುತ್ತಿದೆ. ಮಾವ ಎರಡು ಸಲ ಕೇಳಿದ್ದಾರೆ, ಆಯಿತಾ ಎಂದು.